ಮನೆ ಅಲ್ಲೇ ಇತ್ತು, ರಾಜಧಾನಿ ಬದಲಾಯಿತು

ಹೈದರಾಬಾದಿಗೆ ಬಂದು ಹನ್ನೆರಡು ವರ್ಷವಾಯಿತು. ಹೈಟೆಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ, ಮಿಯಾಪುರದಲ್ಲಿ ಬಾಡಿಗೆ ಮನೆ. ಯಾರಾದರೂ "ನೀವು ಹೊರಗಿನವರಾ?" ಎಂದು ಕೇಳಿದರೆ ಹೌದು ಎನ್ನುತ್ತೇನೆ. ಆದರೆ ನನಗೆ ಇಲ್ಲಿ ಕೆಲಸ ಸಿಕ್ಕಾಗ ನಮ್ಮ ಮುತ್ಯಾ ಅಂದದ್ದು ಬೇರೆಯೇ: "ಹೈದ್ರಾಬಾದ್ ಏನ್ ಪರದೇಶ ಅಲ್ಲಪಾ, ನಮ್ಮ ರಾಜಧಾನಿ ಇತ್ತು ಅದು."

ಮುತ್ಯಾ ಸೇಡಂ ಹತ್ತಿರದ ಹಳ್ಳಿಯವ. ಅವನು ತೀರಿಕೊಂಡ ಮೇಲೆ ಟ್ರಂಕು ತೆಗೆದಾಗ ಅವನ ನಾಲ್ಕನೇ ಇಯತ್ತೆಯ ಸರ್ಟಿಫಿಕೇಟ್ ಸಿಕ್ಕಿತು. ನಿಜಾಮರ ಕಾಲದ ಸರ್ಕಾರಿ ಕಾಗದ, ಪೂರ್ತಿ ಉರ್ದು. ಆಫೀಸಿನ ಗೆಳೆಯನೊಬ್ಬ ಓದಿ ಹೇಳಿದ. ಇಸವಿ 1354! ಅದು ಫಸಲಿ ಲೆಕ್ಕ. 590 ಕೂಡಿಸಿದರೆ 1944.

ನಮ್ಮ ಭಾಗದ ಹಣೆಬರಹ ಬರೆದದ್ದು ಯುದ್ಧಗಳು ಮತ್ತು ಫರ್ಮಾನುಗಳು. 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕ ಸೋತ. 1860ರಲ್ಲಿ ಬ್ರಿಟಿಷರು ಆ ಸಂಸ್ಥಾನವನ್ನೇ ನಿಜಾಮರಿಗೆ ಇನಾಮು ಕೊಟ್ಟಂತೆ ಕೊಟ್ಟುಬಿಟ್ಟರು. ಅಲ್ಲಿನ ರೈತರನ್ನು ಯಾರೂ ಕೇಳಲಿಲ್ಲ.

1947ರ ಜೂನ್‌ನಲ್ಲಿ ಮೀರ್ ಉಸ್ಮಾನ್ ಅಲಿ ಖಾನ್ ಫರ್ಮಾನು ಹೊರಡಿಸಿದರು: ಹೈದರಾಬಾದು ಭಾರತಕ್ಕೂ ಸೇರದು, ಪಾಕಿಸ್ತಾನಕ್ಕೂ ಸೇರದು. ಮುಂದೆ ಕಾಸಿಂ ರಜ್ವಿಯ ರಜಾಕಾರರ ಹಾವಳಿ. ಎಷ್ಟೋ ಜನ ಗಡಿ ದಾಟಿ ಓಡಿದರು. ಮುತ್ಯಾನ ಮನೆಯವರು ರಾತ್ರಿ ಜೋಳದ ಹೊಲದಲ್ಲಿ ಮಲಗುತ್ತಿದ್ದರಂತೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ರಂದು ನಿಜಾಮರು ಕದನವಿರಾಮ ಸಾರಿದರು.

ಇಷ್ಟು ಕಥೆಯನ್ನು ಮುತ್ಯಾ ಎಷ್ಟು ಸಲ ಬೇಕಾದರೂ ಹೇಳುತ್ತಿದ್ದ. "ಆಮೇಲೆ?" ಎಂದರೆ ಸುಮ್ಮನಾಗುತ್ತಿದ್ದ. ಆಮೇಲೆ ನಡೆದದ್ದು ಮುಸ್ಲಿಮರ ಮೇಲಿನ ಹಿಂಸೆ. ಕೇಂದ್ರ ಸರ್ಕಾರ ಕಳಿಸಿದ ಸುಂದರ್‌ಲಾಲ್ ಸಮಿತಿಯ ಅಂದಾಜಿನಂತೆ ಸತ್ತವರು 27,000ದಿಂದ 40,000. ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ನಮ್ಮ ಬೀದರ, ಕಲಬುರಗಿಯೂ ಇದ್ದವು. ವರದಿ ದಶಕಗಟ್ಟಲೆ ಬೆಳಕಿಗೆ ಬರಲಿಲ್ಲ. ಒಮ್ಮೆ ಮಾತ್ರ ಮುತ್ಯಾ ಬಾಯಿಬಿಟ್ಟಿದ್ದ: "ಸಾಲ್ಯಾಗ ನನ್ನ ಬಾಜೂಕ ಕೂಡ್ತಿದ್ದ ಹುಡುಗ ಮತ್ತ ಬರಲೇ ಇಲ್ಲ."

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಬೆಳಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಹೈದರಾಬಾದು ಪರರಾಜ್ಯವಾಯಿತು. ರಾತ್ರಿಯಿಡೀ ಕೂತು ಹೋಗಬೇಕಾದ ಬೆಂಗಳೂರು ನಮ್ಮದಾಯಿತು. ನಮ್ಮ ಮನೆ ಒಂದಡಿಯೂ ಸರಿದಿರಲಿಲ್ಲ.

ಸರ್ಕಾರದ ಕಾಗದ ಬರೀ ಕಿತ್ತುಕೊಳ್ಳುತ್ತದೆ ಎನ್ನಲಾರೆ. ಕನ್ನಡದ ರಾಜ್ಯಕ್ಕೆ ಸೇರಿದ್ದರಿಂದಲೇ ನನ್ನ ಅಪ್ಪ ಕನ್ನಡದಲ್ಲಿ ಓದಿ ಮಾಸ್ತರನಾದ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ಮೀಸಲಾತಿಯಲ್ಲಿ ನನ್ನ ತಂಗಿಗೆ ನೌಕರಿ ಸಿಕ್ಕಿತು. 2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು.

ಈ ಸಲ ಸೆಪ್ಟೆಂಬರ್ 17ಕ್ಕೆ ಊರಿಗೆ ಹೋಗುತ್ತಿದ್ದೇನೆ. ಧ್ವಜ ಏರಿಸಿ ಹೋರಾಟಗಾರರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಜೊತೆಗೆ, ಸಾಲಿಗೆ ಮರಳದ ಆ ಹುಡುಗನ ಹೆಸರು ಊರಲ್ಲಿ ಯಾರಿಗಾದರೂ ನೆನಪಿದೆಯೇ ಎಂದು ವಿಚಾರಿಸಬೇಕು. ಮುತ್ಯಾ ಇದ್ದಾಗ ಕೇಳದೆ ಬಿಟ್ಟೆ. ನಿಮ್ಮ ಮನೆಯಲ್ಲಿ ಆ ಕಾಲ ಕಂಡ ಹಿರಿಯರಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅವರ ಪಕ್ಕ ಸ್ವಲ್ಪ ಹೊತ್ತು ಕೂತು ಕೇಳಿ.