ಜಾಲತಾಣದಲ್ಲಿ ನಮ್ಮ ಹೆಜ್ಜೆಗಳನ್ನು ನೋಡುವವರು ಯಾರು?

ಹೊಳೆನರಸೀಪುರದ ಪೇಟೆಯಲ್ಲಿ ತಲೆಮಾರುಗಳಿಂದ ಜವಳಿ ವ್ಯಾಪಾರ ನಡೆಸಿಕೊಂಡು ಬಂದ ಮನೆತನಗಳ ಹಿರಿಯರನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವರು ಆತನ ಮನಸ್ಸನ್ನು ಅರಿಯುತ್ತಾರೆ. ಯಾವ ಸೀರೆಯ ಸೆರಗನ್ನು ಎರಡು ಬಾರಿ ಮುಟ್ಟಿ ನೋಡಿದರು, ಬೆಲೆ ಕೇಳಿ ಯಾವುದನ್ನು ಪಕ್ಕಕ್ಕೆ ಸರಿಸಿದರು, ಏನನ್ನೂ ಕೊಳ್ಳದೆ ಮೆಟ್ಟಿಲಿಳಿದವರಿಗೆ ಬೇಸರವಾದದ್ದು ಏತಕ್ಕೆ ಎಂಬುದೆಲ್ಲವೂ ಗಾದಿಯ ಮೇಲೆ ಕುಳಿತವರ ಕಣ್ಣಿಗೆ ಬೀಳುತ್ತದೆ. ಮರುದಿನ ಅಂಗಡಿಯ ಜೋಡಣೆ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಇಂದು ವ್ಯಾಪಾರವಷ್ಟೇ ಅಲ್ಲ, ಬ್ಯಾಂಕಿನ ವ್ಯವಹಾರ, ಕಾಲೇಜಿನ ಪ್ರವೇಶ, ವಧೂವರರ ಅನ್ವೇಷಣೆ ಇವೆಲ್ಲವೂ ಅಂತರಜಾಲಕ್ಕೆ ಬಂದಿವೆ. ಅಲ್ಲಿ ಗಿರಾಕಿಯ ಮುಖ ಕಾಣುವುದಿಲ್ಲ. ಈ ಕೊರತೆಯನ್ನು ತುಂಬಲು ಹುಟ್ಟಿಕೊಂಡಿರುವುದೇ ‘ಸೆಷನ್ ರೀಪ್ಲೇ’ ಎಂಬ ತಂತ್ರಾಂಶ. ಜಾಲತಾಣಕ್ಕೆ ಬಂದವರು ಅಲ್ಲಿ ಏನೇನು ಮಾಡಿದರು ಎಂಬುದನ್ನು ದಾಖಲಿಸಿಟ್ಟು, ಬೇಕೆಂದಾಗ ಮತ್ತೆ ತೋರಿಸುವುದು ಇದರ ಕೆಲಸ. ಇದರಿಂದ ಆಗುವ ಉಪಕಾರವೇನು, ಇದರಲ್ಲಿ ಅಡಗಿರುವ ಅಪಾಯವೇನು ಎಂಬುದನ್ನು ನಮ್ಮ ಕುಟುಂಬಗಳೂ ಸಂಸ್ಥೆಗಳೂ ತಿಳಿದಿರುವುದು ಒಳಿತು.

ಇದು ಕೆಲಸ ಮಾಡುವ ಬಗೆ

ಹಲವರು ಭಾವಿಸುವಂತೆ ಇದು ಪರದೆಯನ್ನು ಚಿತ್ರೀಕರಿಸುವ ಕ್ಯಾಮೆರಾ ಅಲ್ಲ. ಹಾಡಿನ ಧ್ವನಿಮುದ್ರಣಕ್ಕೂ ಸ್ವರಲಿಪಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನೆಯಬಹುದು. ಜಾಲತಾಣದ ಪುಟದಲ್ಲಿ ಅಳವಡಿಸಿದ ಪುಟ್ಟ ಆದೇಶಗುಚ್ಛವೊಂದು ಮೊದಲು ಪುಟದ ರಚನೆಯನ್ನು ಬರೆದಿಟ್ಟುಕೊಳ್ಳುತ್ತದೆ. ಆ ಬಳಿಕ ಮೌಸ್ ಎತ್ತ ಚಲಿಸಿತು, ಬೆರಳು ಎಲ್ಲಿ ಒತ್ತಿತು, ಪುಟ ಎಷ್ಟು ಕೆಳಗೆ ಸರಿಯಿತು, ಚೌಕದಲ್ಲಿ ಏನು ಬರೆಯಲಾಯಿತು ಎಂಬುದನ್ನು ಸಮಯಸಹಿತ ಗುರುತುಹಾಕಿ ದೂರದ ಸರ್ವರಿಗೆ ಕಳುಹಿಸುತ್ತದೆ. ಆ ಸ್ವರಲಿಪಿಯನ್ನು ಹಿಡಿದು ಇಡೀ ಪ್ರಸಂಗವನ್ನು ಪುನಃ ಕಟ್ಟಿ ತೋರಿಸಲಾಗುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ವಿದ್ಯಾರ್ಥಿ ಪ್ರಸಾದನಿಲಯವೊಂದು ಪ್ರವೇಶದ ಅರ್ಜಿಯನ್ನು ಜಾಲತಾಣದಲ್ಲಿ ಇಟ್ಟಿದೆ. ನೂರು ಮಂದಿ ಅರ್ಜಿಯನ್ನು ತೆರೆದರು, ನಲವತ್ತು ಮಂದಿ ಮಾತ್ರ ಪೂರ್ಣಗೊಳಿಸಿದರು. ಉಳಿದ ಅರವತ್ತು ಮಂದಿ ಎಲ್ಲಿ ನಿಂತರು? ಬರಿಯ ಲೆಕ್ಕ ಇದನ್ನು ಹೇಳಲಾರದು. ಮರುಪ್ರದರ್ಶನ ಹೇಳುತ್ತದೆ: ಅರಕಲಗೂಡಿನ ಹುಡುಗನೊಬ್ಬ ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಮೂರು ಬಾರಿ ತುಂಬಿದ, ಮೂರು ಬಾರಿಯೂ ಪುಟ ಅದನ್ನು ನಿರಾಕರಿಸಿತು. ಚನ್ನರಾಯಪಟ್ಟಣದ ಹುಡುಗಿಯೊಬ್ಬಳು ಭಾವಚಿತ್ರದ ಗುಂಡಿಯನ್ನು ಸಿಟ್ಟಿನಿಂದ ಹತ್ತು ಸಾರಿ ಒತ್ತಿ ಹೊರಟುಹೋದಳು. ದೋಷವಿದ್ದದ್ದು ಮಕ್ಕಳಲ್ಲಲ್ಲ, ಅರ್ಜಿಯಲ್ಲಿ. ಅದನ್ನು ತಿದ್ದಿದರೆ ಬಡ ವಿದ್ಯಾರ್ಥಿಯೊಬ್ಬನ ಒಂದು ವರ್ಷ ಉಳಿದೀತು. ಈ ಉಪಕಾರ ಸಣ್ಣದಲ್ಲ.

ತಂತ್ರಾಂಶಗಳ ತುಲನೆ

ಮೈಕ್ರೋಸಾಫ್ಟ್ ಸಂಸ್ಥೆಯು 2020ರಲ್ಲಿ ಸಾರ್ವಜನಿಕರಿಗೆ ಒದಗಿಸಿದ ‘ಕ್ಲಾರಿಟಿ’ ಪೂರ್ಣ ಉಚಿತ. ಜನರು ತುಂಬುವ ಚೌಕಗಳ ಬರಹವನ್ನು ಅದು ಮೊದಲಿನಿಂದಲೇ ಮರೆಮಾಡುತ್ತದೆ. ಆದರೆ ಸಂಗ್ರಹವಾದ ಮಾಹಿತಿಯನ್ನು ತನ್ನ ಉತ್ಪನ್ನಗಳ ಸುಧಾರಣೆಗೆ ಬಳಸುವ ಹಕ್ಕನ್ನೂ ಆ ಸಂಸ್ಥೆ ಉಳಿಸಿಕೊಂಡಿದೆ. ಆರೋಗ್ಯ, ಹಣಕಾಸು ಮುಂತಾದ ಸೂಕ್ಷ್ಮ ವಿಷಯಗಳ ತಾಣಗಳಲ್ಲಿ ಇದನ್ನು ಬಳಸಕೂಡದೆಂಬ ನಿಬಂಧನೆಯೂ ಇದೆ. ಬೆಲೆಯಿಲ್ಲದ್ದಕ್ಕೆ ಷರತ್ತಿಲ್ಲವೆಂದು ಭಾವಿಸಬಾರದು.

‘ಹಾಟ್‌ಜಾರ್’ 2014ರಲ್ಲಿ ಮಾಲ್ಟಾ ದ್ವೀಪದಲ್ಲಿ ಆರಂಭವಾಗಿ, 2021ರಲ್ಲಿ ಫ್ರಾನ್ಸ್ ಮೂಲದ ಕಂಟೆಂಟ್‌ಸ್ಕ್ವೇರ್ ಸಂಸ್ಥೆಯ ಒಡೆತನಕ್ಕೆ ಬಂದಿತು. ಬಳಕೆದಾರರ ಅಭಿಪ್ರಾಯವನ್ನು ನೇರವಾಗಿ ಕೇಳುವ ಸಮೀಕ್ಷೆಗಳಿಗೂ ಅದರಲ್ಲಿ ಅವಕಾಶವುಂಟು. ಕದ್ದು ನೋಡುವುದಕ್ಕಿಂತ ಕೇಳಿ ತಿಳಿಯುವುದು ಮೇಲಲ್ಲವೇ? ಅಮೆರಿಕದ ‘ಫುಲ್‌ಸ್ಟೋರಿ’ ದೊಡ್ಡ ವ್ಯಾಪಾರಸಂಸ್ಥೆಗಳಿಗೆ ಒಪ್ಪುವಂಥದ್ದು. ಸಾವಿರಾರು ದಾಖಲೆಗಳ ನಡುವಿನಿಂದ ಬೇಕಾದ ಪ್ರಸಂಗವನ್ನು ಹುಡುಕಿ ಕೊಡುವುದು ಅದರ ಬಲ. ‘ಲಾಗ್‌ರಾಕೆಟ್’ ತಾಣದ ದೋಷಗಳನ್ನು ಪತ್ತೆಹಚ್ಚುವ ತಂತ್ರಜ್ಞರಿಗೆ ಹೆಚ್ಚು ಉಪಯುಕ್ತ. ನಮ್ಮ ದೇಶದವೂ ಇವೆ. ಚೆನ್ನೈನ ಝೋಹೋ ಸಂಸ್ಥೆಯ ‘ಪೇಜ್‌ಸೆನ್ಸ್’, ದೆಹಲಿಯಲ್ಲಿ ಹುಟ್ಟಿದ ವಿಂಗಿಫೈ ಸಂಸ್ಥೆಯ ‘ವಿ.ಡಬ್ಲ್ಯು.ಓ.’ ಇವೆರಡರಲ್ಲಿಯೂ ಮರುಪ್ರದರ್ಶನದ ಸೌಲಭ್ಯವಿದೆ.

ಇವೆಲ್ಲಕ್ಕಿಂತ ಭಿನ್ನವಾದದ್ದು ‘ಓಪನ್‌ರೀಪ್ಲೇ’. ಇದರ ಮೂಲಸಂಕೇತ ಎಲ್ಲರಿಗೂ ತೆರೆದಿದೆ. ಸಂಸ್ಥೆಯು ಇದನ್ನು ತನ್ನದೇ ಸರ್ವರಿನಲ್ಲಿ ಸ್ಥಾಪಿಸಿಕೊಂಡರೆ ದಾಖಲೆಗಳು ಪರರ ಕೈ ಸೇರುವುದಿಲ್ಲ. ಆದರೆ ಆ ಸರ್ವರನ್ನು ಕಾಯುವ ನುರಿತ ಕೈಯೊಂದು ಬೇಕು. ಬೀಗ ಹಾಕದ ಸ್ವಂತ ಉಗ್ರಾಣಕ್ಕಿಂತ ಕಾವಲಿರುವ ಬಾಡಿಗೆಯ ಉಗ್ರಾಣವೇ ಲೇಸು ಎಂಬುದನ್ನೂ ಮರೆಯಬಾರದು.

ಹೀಗಿರುವಾಗ ಯಾವುದು ಉತ್ತಮ? ಸೌಲಭ್ಯಗಳ ಪಟ್ಟಿಯನ್ನು ಎಣಿಸಿ ಇದಕ್ಕೆ ಉತ್ತರ ಹೇಳಲಾಗದು. ಏನನ್ನು ಮರೆಮಾಡುತ್ತದೆ, ದಾಖಲೆ ಎಲ್ಲಿರುತ್ತದೆ, ಎಷ್ಟು ದಿನ ಉಳಿಯುತ್ತದೆ, ಯಾರು ನೋಡಬಲ್ಲರು ಎಂಬ ನಾಲ್ಕು ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಕೊಡುವುದೇ ಉತ್ತಮ.

2017ರ ಎರಡು ಘಟನೆಗಳು

ಈ ಮಾತಿಗೆ ಆಧಾರವಿದೆ. 2017ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಭಾರತದಲ್ಲಿ ಓದಿ ಅಲ್ಲಿ ಪ್ರಾಧ್ಯಾಪಕರಾಗಿರುವ ಅರವಿಂದ ನಾರಾಯಣನ್ ಅವರು ಆ ತಂಡದಲ್ಲಿದ್ದರು. ಪ್ರಪಂಚದ ಪ್ರಮುಖ 50,000 ತಾಣಗಳ ಪೈಕಿ 482ರಲ್ಲಿ ಇಂತಹ ದಾಖಲಾತಿಯ ಕುರುಹು ಅವರಿಗೆ ದೊರೆಯಿತು. ಕೆಲವೆಡೆ ಔಷಧದ ವಿವರ, ಕಾರ್ಡಿನ ವಿವರ, ಪಾಸ್‌ವರ್ಡ್ ಇವೂ ಹೊರಗಿನವರ ಸರ್ವರಿಗೆ ಸೋರುವ ಸಾಧ್ಯತೆ ಕಂಡುಬಂದಿತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ‘ಸಲ್ಲಿಸು’ ಎಂಬ ಗುಂಡಿಯನ್ನು ಒತ್ತದೆ ಮನಸ್ಸು ಬದಲಿಸಿ ಅಳಿಸಿಹಾಕಿದ ಬರಹವೂ ದಾಖಲಾಗಬಲ್ಲದು. ಬರೆದು ಹರಿದ ಕಾಗದವನ್ನು ಬೇರೊಬ್ಬರು ಆಯ್ದು ಜೋಡಿಸಿ ಓದಿದಂತೆ ಇದು.

ಅದೇ ವರ್ಷದ ಆಗಸ್ಟ್ 24ರಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಈ ತೀರ್ಪಿನ ಬೆಳಕಿನಲ್ಲಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳ ಪಾಲನೆಗೆ ಹದಿನೆಂಟು ತಿಂಗಳ ಅವಧಿ ನೀಡಲಾಗಿದೆ. ಸಮ್ಮತಿಯು ಮುಕ್ತವಾಗಿಯೂ ಸ್ಪಷ್ಟವಾಗಿಯೂ ಇರಬೇಕು. ಸಮ್ಮತಿ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವಿರಬೇಕು. ಎಂದರೆ ಕನ್ನಡದಲ್ಲಿ ಓದಿ ತಿಳಿಯುವ ಹಕ್ಕು ನಮಗಿದೆ. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಪೋಷಕರ ಸಮ್ಮತಿ ಅವಶ್ಯ. ಅವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನು ಅಧಿನಿಯಮವು ನಿಷೇಧಿಸುತ್ತದೆ. ವಿದ್ಯಾಸಂಸ್ಥೆಗಳಿಗೆ ಇರುವ ವಿನಾಯಿತಿ ಸೀಮಿತವಾದದ್ದು.

ನಾವು ಮಾಡಬೇಕಾದುದು

ಆದ್ದರಿಂದ ನಮ್ಮ ಪ್ರಸಾದನಿಲಯ, ವಿದ್ಯಾಸಂಸ್ಥೆ, ವಧೂವರ ಕೇಂದ್ರಗಳ ಆಡಳಿತ ಮಂಡಳಿಯವರು ಇಂತಹ ತಂತ್ರಾಂಶವನ್ನು ಅಳವಡಿಸುವ ಮುನ್ನ ಯೋಚಿಸಬೇಕು. ಪಿ.ಯು. ವಿದ್ಯಾರ್ಥಿಗಳ ಅರ್ಜಿಯಲ್ಲಿ ಅದನ್ನು ಬಳಸದೆ, ಹತ್ತು ಮಂದಿ ವಿದ್ಯಾರ್ಥಿಗಳನ್ನು ಅವರ ಪೋಷಕರೊಡನೆ ಕರೆಸಿ, ಎದುರಿಗೆ ಕೂರಿಸಿಕೊಂಡು ಮಾದರಿ ಅರ್ಜಿ ತುಂಬಿಸಿದರೂ ದೋಷ ಕಾಣುತ್ತದೆ. ಬಳಸಲೇಬೇಕಾದಲ್ಲಿ ಆಧಾರ್ ಸಂಖ್ಯೆ, ದೂರವಾಣಿ, ಜಾತಕ, ಆದಾಯ ಇವೆಲ್ಲವನ್ನೂ ಮರೆಮಾಡಿಸಿ, ಕನ್ನಡದಲ್ಲಿ ತಿಳಿಸಿ, ಒಪ್ಪಿದವರದನ್ನು ಮಾತ್ರ ದಾಖಲಿಸಲಿ.

ಕುಟುಂಬದವರು ತಮ್ಮ ಪಾಲಿನ ಎಚ್ಚರವನ್ನು ವಹಿಸಲಿ. ಅವಶ್ಯವಲ್ಲದ ಚೌಕವನ್ನು ತುಂಬದಿರಲಿ. ಅಳಿಸಿದ್ದೆಲ್ಲ ಅಳಿಯಿತೆಂದು ನಂಬದಿರಲಿ. ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುವ ನಮ್ಮ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಹಿರಿಯರು ಇದನ್ನು ಕೇಳಿ ತಿಳಿಯಲಿ. ಆ ಮಕ್ಕಳೂ ತಾವು ಕಟ್ಟುವ ತಾಣದಲ್ಲಿ ತಮ್ಮ ತಾಯಿಯೇ ಅರ್ಜಿ ತುಂಬುತ್ತಿರುವಳೆಂದು ಭಾವಿಸಿ ಕೆಲಸ ಮಾಡಲಿ.

ಗಾದಿಯ ಮೇಲಿನ ಹಿರಿಯರು ಗಿರಾಕಿಯನ್ನು ನೋಡುತ್ತಿದ್ದರು. ಗಿರಾಕಿಗೂ ಅವರು ಕಾಣುತ್ತಿದ್ದರು. ಆ ಪರಸ್ಪರ ನೋಟದಲ್ಲಿಯೇ ವಿಶ್ವಾಸ ಬೆಳೆಯುತ್ತಿತ್ತು. ನೋಡುವವನು ಮರೆಯಲ್ಲಿ ನಿಲ್ಲದೆ ಎದುರಿಗೆ ಬಂದು ‘ನಾನು ನೋಡಲೇ?’ ಎಂದು ಕೇಳಿದಲ್ಲಿ ಈ ಹೊಸ ವಿದ್ಯೆಯೂ ಸಮಾಜಕ್ಕೆ ಹಿತವನ್ನೇ ಉಂಟುಮಾಡುತ್ತದೆ.