ಲೋಗೋ ಕಥೆ ಹೇಳಬೇಕಿಲ್ಲ

ಸಣ್ಣ ಉದ್ದಿಮೆ ಆರಂಭಿಸುವವರು ಲೋಗೋದಿಂದ ಬಹಳಷ್ಟನ್ನು ಬಯಸುತ್ತಾರೆ. ಬೇಕರಿಯಾದರೆ ಕೇಕು, ಬ್ರೆಡ್ಡು, ಗೋಧಿ ತೆನೆ, ಬಾಣಸಿಗನ ಟೋಪಿ, ಸ್ಥಾಪನೆಯ ವರ್ಷ, ಒಂದು ಘೋಷವಾಕ್ಯ ಎಲ್ಲವೂ ಅದರಲ್ಲೇ ಇರಬೇಕು. ಆಸೆ ಸಹಜವಾದರೂ ಆ ಹೊರೆ ಲೋಗೋದ್ದಲ್ಲ. ಏನು ಸಿಗುತ್ತದೆಂದು ಅಂಗಡಿಯ ಬೋರ್ಡು ಹೇಳುತ್ತದೆ, ರುಚಿ ಹೇಗಿದೆಯೆಂದು ತಿಂದವರು ಹೇಳುತ್ತಾರೆ. ಒಮ್ಮೆ ಬಂದ ಗಿರಾಕಿ ಇನ್ನೊಮ್ಮೆ ಕಂಡಾಗ ‘ಇದು ಅವರದೇ’ ಎಂದು ಗುರುತು ಹಿಡಿದರೆ ಲೋಗೋ ತನ್ನ ಕೆಲಸ ಮಾಡಿದಂತೆ.

ಆಪಲ್ ಕಂಪನಿಗೆ 1976ರಲ್ಲಿ ರೊನಾಲ್ಡ್ ವೇಯ್ನ್ ಬರೆದ ಮೊದಲ ಲೋಗೋದಲ್ಲಿ ಮರದಡಿ ಕುಳಿತ ನ್ಯೂಟನ್, ಅಲಂಕಾರದ ಚೌಕಟ್ಟು, ಅದರ ಸುತ್ತ ಅಕ್ಷರಗಳು ಎಲ್ಲವೂ ಇದ್ದವು. ಮರುವರ್ಷವೇ ಅದನ್ನು ಕೈಬಿಟ್ಟು ರಾಬ್ ಜಾನೊಫ್ ರೂಪಿಸಿದ, ಒಂದು ಕಡೆ ಕಚ್ಚಿದ ಸೇಬನ್ನು ಆರಿಸಿಕೊಂಡರು. ಚಿಕ್ಕದಾಗಿ ಅಚ್ಚಾದಾಗ ಚೆರ್ರಿ ಹಣ್ಣೆಂದು ತಪ್ಪು ತಿಳಿಯದಿರಲಿ ಎಂಬುದು ಆ ಕಚ್ಚಿದ ಗುರುತಿನ ಉದ್ದೇಶ. ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಲಾಂಛನದಲ್ಲಿರುವುದು ಆನೆಯ ತಲೆ, ಸಿಂಹದ ದೇಹದ ಶರಭ. ಅದಕ್ಕೂ ಸ್ನಾನಕ್ಕೂ ಸಂಬಂಧವಿಲ್ಲ, ಆದರೂ ಅದು ಯಾವ ಸೋಪಿನದೆಂದು ಗೊಂದಲವಾಗುವುದಿಲ್ಲ. ಅರ್ಥವನ್ನು ತುಂಬಿದ್ದು ಸೋಪಿನ ಗುಣಮಟ್ಟ ಮತ್ತು ತಲೆಮಾರುಗಳ ಬಳಕೆ.

ದೊಡ್ಡ ಸಂಸ್ಥೆಗಳಿಗೆ ಜಾಹೀರಾತಿನ ಬಲವಿದೆ, ಹೆಸರಿಲ್ಲದ ಸಣ್ಣ ಅಂಗಡಿಗೆ ಚಿತ್ರವೇ ವಿವರಣೆ ನೀಡಬೇಡವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಜಾಹೀರಾತಿಗೆ ಹಣವಿಲ್ಲದವರ ಲೋಗೋ ಜನರ ಕಣ್ಣಿಗೆ ಬೀಳುವುದೇ ಅಪರೂಪ. ಅಷ್ಟರಲ್ಲೇ ನೆನಪಿನಲ್ಲಿ ನಿಲ್ಲಬೇಕಾದರೆ ಅದು ಇನ್ನೂ ಸರಳವಾಗಿರಬೇಕು. ಮೇಲಾಗಿ ಅದು ಕಾಣಿಸಿಕೊಳ್ಳುವ ಜಾಗಗಳು ಚಿಕ್ಕವು: ರಬ್ಬರ್ ಸ್ಟಾಂಪು, ಬಿಲ್ಲು, ಕೈಚೀಲ, ವಾಟ್ಸ್ಆ್ಯಪ್‌ನ ದುಂಡು ಚಿತ್ರ. ಹಾಗಾಗಿ ಬಣ್ಣ ಹಚ್ಚುವ ಮೊದಲು ಕಪ್ಪು ಶಾಯಿಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಗಾತ್ರದಲ್ಲಿ ಮುದ್ರಿಸಿ ನೋಡಬೇಕು. ಕನ್ನಡದ ಹೆಸರಿಗಂತೂ ಈ ಪರೀಕ್ಷೆ ಕಡ್ಡಾಯ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು, ಅಕ್ಷರದೊಳಗಿನ ಸುಳಿಗಳು ಚಿಕ್ಕ ಗಾತ್ರದಲ್ಲಿ ಮುಚ್ಚಿಹೋಗುತ್ತವೆ. ಅಂತಿಮ ವಿನ್ಯಾಸವನ್ನು ವೆಕ್ಟರ್ ಕಡತವಾಗಿ ಪಡೆದರೆ ಬೋರ್ಡಿನಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ.

ಆ್ಯಪ್‌ಗಳಲ್ಲಿ ಸಿದ್ಧ ಲೋಗೋ ಪುಕ್ಕಟೆಯಾಗಿ ಸಿಗುವಾಗ ಇಷ್ಟೆಲ್ಲ ಯೋಚನೆ ಏಕೆ ಎನ್ನುವವರೂ ಇದ್ದಾರೆ. ಕೈಯಲ್ಲಿ ಬಂಡವಾಳ ಕಡಿಮೆಯಿದ್ದಾಗ ಅದು ತಪ್ಪಲ್ಲ. ಆದರೆ ಅದೇ ಚಿತ್ರವನ್ನು ಇನ್ನೆಷ್ಟೋ ಅಂಗಡಿಗಳು ಬಳಸಬಹುದು. ಹಾಗಾದಾಗ ಗುರುತೆಂಬ ಅದರ ಗುಣವೇ ಹೋಗುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯೂ ಇತರರ ಸರಕಿನಿಂದ ಬೇರ್ಪಡಿಸಿ ತೋರಿಸಬಲ್ಲ ಗುರುತಿಗೇ ರಕ್ಷಣೆ ಕೊಡುತ್ತದೆ. ನೋಂದಣಿಯ ಅವಧಿ 10 ವರ್ಷ, ಮತ್ತೆ ಮತ್ತೆ ನವೀಕರಿಸಬಹುದು. ಪುಕ್ಕಟೆ ಚಿತ್ರಕ್ಕಿಂತ, ಹೆಸರಿನ ಮೊದಲಕ್ಷರವನ್ನೇ ತನ್ನದೇ ರೀತಿಯಲ್ಲಿ ಬರೆಸಿಕೊಂಡರೂ ಮೇಲು. ಆಮೇಲೆ ಅದನ್ನು ಬದಲಿಸದೆ ಎಲ್ಲ ಕಡೆ ಬಳಸಬೇಕು. ವರ್ಷಗಟ್ಟಲೆ ಒಳ್ಳೆಯ ಸರಕಿನ ಜೊತೆಗೇ ಕಂಡ ಗುರುತನ್ನು ಜನ ನಂಬುತ್ತಾರೆ. ಆ ನಂಬಿಕೆಯನ್ನು ಯಾವ ವಿನ್ಯಾಸಕನೂ ಮೊದಲ ದಿನವೇ ಬರೆದುಕೊಡಲಾರ.