ಮ್ಯಾಲಿನ ಖೋಲಿ ಹಾಗೇ ಇರಲಿ

ಹೈದರಾಬಾದಿನ ಪಶ್ಚಿಮಕ್ಕೆ, ಲಿಂಗಂಪಲ್ಲಿ, ರಾಮಚಂದ್ರಾಪುರಂ, ಪಟಾನ್‌ಚೆರು ಕಡೆ ನಮ್ಮಂಥ ಬೀದರಿನ ಮಂದಿ ಬಹಳ ವರ್ಷಗಳಿಂದ ಮನೆ ಮಾಡಿಕೊಂಡಿದ್ದೇವೆ. ಜಹೀರಾಬಾದ್ ಮೇಲೆ ಊರಿಗೆ ಹೋಗುವ ಬಸ್ಸು ಈ ರಸ್ತೆಯಲ್ಲೇ ಸಿಗುತ್ತದೆ ಎನ್ನುವುದು ಒಂದು ಕಾರಣ, ಇಲ್ಲಿನ ಕಾರ್ಖಾನೆಗಳ ನೌಕರಿ ಇನ್ನೊಂದು ಕಾರಣ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದ್ದೇ ಜಿಲ್ಲೆಯಾಗಿತ್ತು. ಹಾಗಾಗಿ ನಮ್ಮ ಹಿರಿಯರಿಗೆ ಇದು ಪರ ಊರಲ್ಲ, ರಾಜಧಾನಿ. ಬೀದರ್ ಸೀಮೆಯಲ್ಲಿ ಹರಿದು ಬರುವ ಮಾಂಜ್ರಾ ನದಿಯ ನೀರನ್ನೇ ನಾವು ಇಲ್ಲಿಯೂ ನಲ್ಲಿಯಲ್ಲಿ ಹಿಡಿದು ಕುಡಿಯುತ್ತೇವೆ.

ನನಗೀಗ 69, ನಮ್ಮ ಮನೆಯವರಿಗೆ 74. ನಾನು ಶಾಲೆಯಲ್ಲಿ ಟೀಚರ್ ಆಗಿದ್ದೆ, ಅವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಇಬ್ಬರೂ ಮೆಥಡಿಸ್ಟ್ ಮನೆತನದವರು. ನಿವೃತ್ತಿಯ ನಂತರ ನಮ್ಮ ದಿನಗಳನ್ನು ಮೂರು ವಿಷಯಗಳು ಹಂಚಿಕೊಂಡವು: ಮನೆ ಕೆಲಸ, ಮೈಯ ಆರೋಗ್ಯ, ಸಭೆಯ ಸೇವೆ. ನಮ್ಮ ವಯಸ್ಸಿನ ಬಹಳ ಜನ ಈ ಮೂರಕ್ಕೂ ಬೇರೆ ಬೇರೆ ಲೆಕ್ಕ ಇಡುತ್ತಾರೆ. ಮನೆಗೆ ಒಂದು ಬಜೆಟ್, ಡಾಕ್ಟರಿಗೆ ಒಂದು ಫೈಲು, ಭಾನುವಾರಕ್ಕೆ ಒಂದು ಸೀರೆ. ಆದರೆ ಅರವತ್ತೈದು ದಾಟಿದ ಮೇಲೆ ಇವು ಮೂರೂ ಒಂದೇ ಲೆಕ್ಕ ಎಂಬುದು ನನ್ನ ಅನುಭವ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅರ್ಧಕ್ಕೆ ನಿಂತ ಗೋಡೆ

ನಾಲ್ಕು ವರ್ಷದ ಹಿಂದೆ ಮಾಳಿಗೆಯ ಮೇಲೆ ಒಂದು ಖೋಲಿ ಕಟ್ಟಿಸಲು ಶುರು ಮಾಡಿದೆವು. ಪುಣೆಯಿಂದ ಮಗ, ಸೊಸೆ, ಮೊಮ್ಮಕ್ಕಳು ಬಂದರೆ ಇರಲಿಕ್ಕೆ. ಊರಿನಿಂದ ಪಾಸ್ಟರ್ ಯಾರಾದರೂ ಬಂದರೆ ಉಳಿಯಲಿಕ್ಕೆ. ಇದು ನಮ್ಮ ಮನೆಯವರ ಬಹುದಿನದ ಆಸೆ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಅಂಥ ಒಂದು ಸಂಜೆ ಚಹಾ ಕುಡಿಯುತ್ತಿದ್ದವರ ಬಲಗೈಯಿಂದ ಕಪ್ಪು ಜಾರಿತು. ಬಾಯಿ ಒಂದು ಕಡೆಗೆ ಇಳಿದಿತ್ತು. ಹೆಸರು ಕೇಳಿದರೆ ನಾಲಿಗೆ ತೊದಲಿತು.

ಮುಖ ಸೊಟ್ಟಗಾಗುವುದು, ಕೈ ಎತ್ತಲು ಬಾರದಿರುವುದು, ಮಾತು ತೊದಲುವುದು: ಇವುಗಳಲ್ಲಿ ಒಂದು ಕಂಡರೂ ಸಾಕು, ಪಾರ್ಶ್ವವಾಯು ಇರಬಹುದೆಂದು ತಿಳಿದು 108ಕ್ಕೆ ಫೋನ್ ಮಾಡಬೇಕು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅದಕ್ಕೂ ಮೊದಲು ಸ್ಕ್ಯಾನ್ ಆಗಲೇಬೇಕು, ಯಾಕೆಂದರೆ ರಕ್ತಸ್ರಾವದಿಂದ ಬಂದ ಪಾರ್ಶ್ವವಾಯುವಿಗೆ ಆ ಇಂಜೆಕ್ಷನ್ ಅಪಾಯ. "ಸ್ವಲ್ಪ ಮಲಗಲಿ, ಬೆಳಿಗ್ಗೆ ನೋಡೋಣ" ಎನ್ನುವ ಮಾತೇ ಇಲ್ಲ. ರೋಗಲಕ್ಷಣ ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಮನೆಯವರು ನೆನಪಿಟ್ಟು ಹೇಳಬೇಕು; ಡಾಕ್ಟರು ಮೊದಲು ಕೇಳುವುದು ಅದನ್ನೇ. ನಾವು ಒಂದೂವರೆ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದೆವು. ಜೀವ ಉಳಿಯಿತು. ಬಲಗಾಲು ಎಳೆಯುತ್ತಿತ್ತು, ಮಾತು ಹೋಗಿತ್ತು.

ಹದಿಮೂರು ದಿನಕ್ಕೆ ಮನೆಗೆ ಬಂದಾಗ ಮಾಳಿಗೆಯ ಮೇಲೆ ಸಿಮೆಂಟು, ಇಟ್ಟಿಗೆ ಹಾಗೇ ಬಿದ್ದಿದ್ದವು. ಬ್ಯಾಂಕಿನಲ್ಲಿ ಉಳಿದ ದುಡ್ಡು ಒಂದು ಕೆಲಸಕ್ಕೆ ಸಾಲುವಷ್ಟೇ. ಮೇಲಿನ ಖೋಲಿ ಮುಗಿಸುವುದೋ, ಕೆಳಗಿನ ಮನೆಯನ್ನು ಅವರು ಓಡಾಡುವ ಹಾಗೆ ಮಾಡಿಸುವುದೋ?

ಮಗ ಫೋನಿನಲ್ಲಿ, "ಮಮ್ಮಿ, ಅರ್ಧಾ ಕಟ್ಟಿ ಬಿಟ್ರ ಹಾಕಿದ ರೊಕ್ಕ ಎಲ್ಲಾ ಹಾಳಾಗ್ತದ. ಸ್ಲ್ಯಾಬ್ ಒಂದು ಹಾಕಿಸಿಬಿಡು" ಅಂದ. ಪಾಲಮೂರು ಕಡೆಯ ಮೇಸ್ತ್ರಿ ಎರಡು ವಾರದಲ್ಲಿ ಮುಗಿಸಿಕೊಡುವುದಾಗಿ ತೆಲುಗಿನಲ್ಲಿ ಒತ್ತಾಯ ಮಾಡಿದ. ನಮ್ಮ ಮನೆಯವರು ಎಡಗೈ ಎತ್ತಿ ಮೇಲೆ ತೋರಿಸುತ್ತ, "ಮ್ಯಾಲ… ಮ್ಯಾಲ…" ಎಂದಷ್ಟೇ ಹೇಳುತ್ತಿದ್ದರು.

"ಆ ಖೋಲಿ ಯಾರಿಗಂತ ಕಟ್ಟಿಸ್ಲಾಕ ಹತ್ತಿದ್ವಿರಿ? ಬಂದವರಿಗೆ. ಬಂದವರು ಕೆಳಗ ಕುಂದ್ರಲಿ. ನಿಮ್ಮ ಸಂಗಟ ಕುಂದ್ರಲಿ," ಅಂದೆ.

ಮೂರು ದಿನ ಅವರು ನನ್ನ ಮುಖ ನೋಡಲಿಲ್ಲ. ನಾನೂ ನಿರ್ಧಾರ ಬದಲಿಸಲಿಲ್ಲ. ಮೇಲೆ ಬಿಟ್ಟ ಸಲಾಕೆಗಳು ತುಕ್ಕು ಹಿಡಿಯದಿರಲೆಂದು ಸಿಮೆಂಟ್ ನೀರು ಬಳಿಸಿದೆ. ಮಳೆ ನೀರು ಆ ನಾಲ್ಕು ಗೋಡೆ ನಡುವೆ ನಿಂತು ಕೆಳಗಿನ ಸ್ಲ್ಯಾಬಿಗೆ ಇಳಿಯದಿರಲೆಂದು ಒಂದು ಪೈಪು ಇಡಿಸಿದೆ. ಖೋಲಿ ಹಾಗೇ ನಿಂತಿತು.

ಕೆಳಗಿನ ಮನೆಯಲ್ಲಿ ಮಾಡಿಸಿದ್ದು

ಅರವತ್ತು ದಾಟಿದವರಿಗೆ ಬೀಳುವುದೇ ದೊಡ್ಡ ಗಂಡಾಂತರ. ಬಿದ್ದು ಜೀವ ಕಳೆದುಕೊಳ್ಳುವವರಲ್ಲಿ ಈ ವಯಸ್ಸಿನವರೇ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಕೆಲಸ ಬಚ್ಚಲಿನಿಂದ ಶುರುವಾಯಿತು. ನುಣುಪಾದ ಟೈಲ್ಸ್ ತೆಗೆಸಿ ಜಾರದ ಒರಟು ಟೈಲ್ಸ್ ಹಾಕಿಸಿದೆವು. ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಸ್ಟೀಲಿನ ಹಿಡಿಕೆಗಳು ಬಂದವು. ಹಿಡಿಕೆಯ ತಿರುಪು ಟೈಲ್ಸ್ ದಾಟಿ ಗೋಡೆಯ ಇಟ್ಟಿಗೆಯೊಳಗೆ ಗಟ್ಟಿಯಾಗಿ ಕೂರಬೇಕು. ಬೀಳುವ ಮನುಷ್ಯ ಇಡೀ ಭಾರವನ್ನು ಅದರ ಮೇಲೆ ಹಾಕುತ್ತಾನೆ. ಟವೆಲ್ ಹಾಕುವ ಸರಳು ಆ ಕೆಲಸಕ್ಕೆ ಬರುವುದಿಲ್ಲ. ಬಚ್ಚಲ ಬಾಗಿಲು ಒಳಗೆ ತೆರೆಯುತ್ತಿತ್ತು. ಹೊರಗೆ ತೆರೆಯುವಂತೆ ಮಾಡಿಸಿದೆವು. ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ತೆರೆಯುವುದು ಹೇಗೆ?

ಆಮೇಲೆ ಮುಂಬಾಗಿಲು. ಮಳೆ ನೀರಿಗೆ ಹೆದರಿ ಮನೆಯನ್ನು ಎತ್ತರಕ್ಕೆ ಕಟ್ಟಿದ್ದೆವು. ವರಾಂಡ ಅಂಗಳದಿಂದ ಒಂದೂವರೆ ಅಡಿ ಮೇಲಿದೆ. ಗಾಲಿಕುರ್ಚಿಯ ಇಳಿಜಾರಿಗೆ ಲೆಕ್ಕ ಒಂದಕ್ಕೆ ಹನ್ನೆರಡು. ಅಂದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ನಮಗೆ ಹದಿನೆಂಟು ಅಡಿ ಬೇಕಾಯಿತು. ನೇರವಾಗಿ ಅಷ್ಟು ಜಾಗವಿರಲಿಲ್ಲ. ಪೇರಲ ಗಿಡ ಬಳಸಿಕೊಂಡು, ನಡುವೆ ಒಂದು ಸಮತಟ್ಟು ಕಟ್ಟೆ ಕೊಟ್ಟು ತಿರುಗಿಸಿದೆವು. ಮೇಸ್ತ್ರಿ ಎಂಟೇ ಅಡಿಯಲ್ಲಿ ಮುಗಿಸಲು ನೋಡಿದ. ಅಷ್ಟು ಕಡಿದಾದರೆ ಹತ್ತುವಾಗ ದೂಡುವವರಿಗೆ ಕಷ್ಟ, ಇಳಿಯುವಾಗ ಕೂತವರಿಗೆ ಭಯ. ಟೇಪು ಹಿಡಿದು ಪಕ್ಕದಲ್ಲೇ ನಿಂತು ಮಾಡಿಸಿಕೊಂಡೆ.

ಕೊನೆಯದು ಹಾಲ್ ಮತ್ತು ಪಕ್ಕದ ಚಿಕ್ಕ ಖೋಲಿಯ ನಡುವಿನ ಗೋಡೆ. ಅದು ಸ್ಲ್ಯಾಬಿನ ಭಾರ ಹೊರುವ ಗೋಡೆಯಲ್ಲ ಎಂದು ಇಂಜಿನಿಯರರಿಂದ ಖಾತ್ರಿ ಮಾಡಿಕೊಂಡು ತೆಗೆಸಿದೆವು. ಹದಿನೈದು ಇಪ್ಪತ್ತು ಜನ ಕೂರುವಷ್ಟು ಜಾಗವಾಯಿತು. ಆ ಜಾಗ ಯಾಕೆ ಬೇಕಿತ್ತೆಂದು ಹೇಳುತ್ತೇನೆ.

ಮಾತಿಗಿಂತ ಮೊದಲು ಬಂದ ಕೀರ್ತನೆ

ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಹುಡುಗಿ ಎರಡನೇ ವಾರದಲ್ಲಿ ಕೇಳಿದಳು, "ಅಂಕಲ್‌ಗೆ ಯಾವ ಹಾಡು ಬಾಯಿಪಾಠ ಇದೆ ಆಂಟಿ?" ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ನಿಂತವರಲ್ಲಿ ಕೆಲವರು, ಒಂದು ವಾಕ್ಯ ಆಡಲಾಗದಿದ್ದರೂ ಹಳೆಯ ಹಾಡನ್ನು ಶಬ್ದದ ಸಮೇತ ಹಾಡಬಲ್ಲರಂತೆ. ರಾಗವನ್ನೇ ಏಣಿ ಮಾಡಿಕೊಂಡು ಮಾತಿಗೆ ಇಳಿಸುವ ಒಂದು ಚಿಕಿತ್ಸಾ ಕ್ರಮವೇ ಇದೆ.

ಇಲ್ಲಿನ ನಮ್ಮ ಸಭೆಯಲ್ಲಿ ಆರಾಧನೆ ತೆಲುಗಿನಲ್ಲಿ. ನಲವತ್ತು ವರ್ಷ ಅವರು ತೆಲುಗಿನಲ್ಲೇ ಹಾಡಿದ್ದರು. ಥೆರಪಿಸ್ಟ್ ತೆಲುಗು ಹಾಡು ಹಾಕಿದಾಗ ಸುಮ್ಮನೆ ಕೇಳಿದರು. ನಾನು ಬೀದರಿನ ಭಾನುವಾರ ಶಾಲೆಯಲ್ಲಿ ಕಲಿತ ಒಂದು ಕನ್ನಡ ಕೀರ್ತನೆ ಎತ್ತಿಕೊಂಡೆ. ಎರಡನೇ ಸಾಲಿಗೆ ಅವರ ಧ್ವನಿ ಸೇರಿತು. ಶಬ್ದ ಸ್ಪಷ್ಟವಿತ್ತು. ಪಲ್ಲವಿ ಮುಗಿಯುವ ತನಕ ಬಿಡಲಿಲ್ಲ. ಹಾಡು ನಿಂತ ಮೇಲೆ ನೀರು ಬೇಕೆಂದು ಹೇಳಲು ಹೋಗಿ ಮತ್ತೆ ತೊದಲಿದರು.

ಈ ಕಡೆ ಇರುವ ಕನ್ನಡ ಕ್ರೈಸ್ತ ಕುಟುಂಬಗಳು ತಿಂಗಳಿಗೊಮ್ಮೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಕನ್ನಡ ಪ್ರಾರ್ಥನೆಗೆ ಸೇರುವ ರೂಢಿಯಿತ್ತು. ಅಪಾರ್ಟ್‌ಮೆಂಟಿನ ಲಿಫ್ಟು, ಟ್ರಾಫಿಕ್ಕು, ಮಂಡಿನೋವು ಎಂದು ಅದು ಕ್ಷೀಣಿಸುತ್ತ ಬಂದಿತ್ತು. ನಾನು ಎಲ್ಲರಿಗೂ ಫೋನ್ ಮಾಡಿ, ಇನ್ನು ಮೇಲೆ ವಾರಕ್ಕೊಮ್ಮೆ ನಮ್ಮ ಮನೆಯಲ್ಲೇ ಎಂದು ಹೇಳಿದೆ. ಗೋಡೆ ತೆಗೆಸಿದ್ದು ಅದಕ್ಕೆ. ಶನಿವಾರ ಸಂಜೆ ಐದಕ್ಕೆ ಒಂಬತ್ತು ಹತ್ತು ಜನ ಬರುತ್ತಾರೆ. ವಾಕರ್ ಹಿಡಿದ ಒಬ್ಬ ಹಿರಿಯರು ಮೂರು ವರ್ಷದ ನಂತರ ಮೊದಲ ಸಲ ಪರರ ಮನೆ ಹೊಸ್ತಿಲು ದಾಟಿದ್ದು ನಮ್ಮ ಇಳಿಜಾರಿನ ಮೇಲೆ. ಸಭೆಗೆ ಕಟ್ಟಡಗಳು ಹುಟ್ಟುವ ಮೊದಲು ಅದು ಸೇರುತ್ತಿದ್ದದ್ದು ಮನೆಗಳಲ್ಲೇ. ಅಕ್ವಿಲ ಪ್ರಿಸ್ಕಿಲ್ಲರ ಮನೆಯ ಸಭೆಗೆ ಪೌಲನು ವಂದನೆ ಹೇಳಿ ಕಳಿಸುತ್ತಾನಲ್ಲ.

ಎಂಟು ತಿಂಗಳಲ್ಲಿ ಅವರ ಮಾತು ಮುಕ್ಕಾಲು ಪಾಲು ಮರಳಿತು. ಫಿಸಿಯೋಥೆರಪಿ, ಬಿಪಿ ಮಾತ್ರೆ, ಸಕ್ಕರೆಯ ಪಥ್ಯ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಶನಿವಾರಕ್ಕೂ ಇದೆ ಎಂದು ನಾನು ನಂಬುತ್ತೇನೆ.

ಹೊಣೆ ದಾಟಿಸುವುದು

ಮರುವರ್ಷ ನನ್ನ ಬಲಮಂಡಿಯ ಆಪರೇಷನ್ ಆಯಿತು. ಅವರಿಗೆಂದು ಹಾಕಿಸಿದ ಹಿಡಿಕೆ ನನ್ನನ್ನು ಎತ್ತಿ ನಿಲ್ಲಿಸಿತು. ಮಹಿಳಾ ಸಂಘದ ಲೆಕ್ಕಪತ್ರವನ್ನು ಹನ್ನೊಂದು ವರ್ಷ ನೋಡಿದ್ದೆ. ಸುಗ್ಗಿ ಹಬ್ಬದ ಹರಾಜು, ಕ್ರಿಸ್ಮಸ್ ಅಡುಗೆ, ಎಲ್ಲದಕ್ಕೂ "ಟೀಚರಮ್ಮನನ್ನು ಕೇಳಿ" ಎನ್ನುವ ರೂಢಿ. ಆಪರೇಷನ್ನಿಗೆ ಎರಡು ತಿಂಗಳ ಮೊದಲೇ ಪುಸ್ತಕಗಳನ್ನು ಒಬ್ಬ ಸಾಫ್ಟ್‌ವೇರ್ ಹುಡುಗಿಗೆ ಒಪ್ಪಿಸಿದೆ. ಅವಳು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿದಳು. ನಾನು ಉಳಿಸಿಕೊಂಡ ಸೇವೆ ಶನಿವಾರದ ಪ್ರಾರ್ಥನೆಯೊಂದೇ.

ಬಿಡುವುದು ಸುಲಭವಲ್ಲ. ಆಗ ನನಗೆ ಕಿಟ್ಟೆಲ್ ನೆನಪಾಗುತ್ತಾರೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದವರು ಕನ್ನಡ ನಿಘಂಟಿಗೆ ದಶಕಗಳನ್ನೇ ಕೊಟ್ಟರು. 1892ರಲ್ಲಿ ಜರ್ಮನಿಗೆ ಹಿಂತಿರುಗಿದರು. ಆ ದೊಡ್ಡ ಪುಸ್ತಕ ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ, ಅವರಿಗೆ 62 ವರ್ಷವಾಗಿದ್ದಾಗ. ನಾವು ನಡೆಸಿದ ಕೆಲಸ ನಾವಿಲ್ಲದ ಊರಿನಲ್ಲಿ ಮುಗಿದರೂ ಅದು ಮುಗಿದದ್ದೇ.

ಹೊಣೆ ಬಿಟ್ಟ ಮೇಲೆ ಸಭೆಯನ್ನು ಒಂದು ಮಾತ್ರ ಕೇಳಿದೆ: ಮೆಟ್ಟಿಲ ಪಕ್ಕ ಒಂದು ಇಳಿಜಾರು. ಕಮಿಟಿಯಲ್ಲಿ ಮುಂಭಾಗದ ಚೆಂದ ಕೆಡುತ್ತದೆ ಎಂಬ ಮಾತು ಬಂತು. ನಮ್ಮ ಮನೆಯವರು ಎದ್ದು ನಿಂತು, ನಿಧಾನವಾಗಿ, ಮೆದಕ್ ಚರ್ಚಿನ ಕಥೆ ಹೇಳಿದರು. ಬರಗಾಲದಲ್ಲಿ ಹಸಿದ ಜನಕ್ಕೆ ಕೂಲಿ, ಅನ್ನ ಸಿಗಲೆಂದು ಚಾರ್ಲ್ಸ್ ವಾಕರ್ ಪೋಸ್ನೆಟ್ ಎಂಬ ಪಾದ್ರಿ ಶುರು ಮಾಡಿಸಿದ ಕಟ್ಟಡ ಅದು. 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಅಷ್ಟು ಚೆಂದದ ಗುಡಿ ಹುಟ್ಟಿದ್ದೇ ಜನರ ಸಂಕಟಕ್ಕೆ ಉತ್ತರವಾಗಿ, ಅಂದರು. ಪೂರಾ ಹೇಳಲು ಹತ್ತು ನಿಮಿಷ ಹಿಡಿಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಇಳಿಜಾರು ಮಂಜೂರಾಯಿತು. ಈಗ ಅದನ್ನು ಮಗುವಿನ ಗಾಡಿ ತರುವ ತಾಯಂದಿರೇ ಹೆಚ್ಚು ಬಳಸುತ್ತಾರೆ.

ಮನೆ ಕೆಲಸ ಹಿಡಿಯುವ ಮೊದಲು

ನಮ್ಮ ವಯಸ್ಸಿನ ಓದುಗರಿಗೆ, ಅಪ್ಪ ಅಮ್ಮನಿಗಾಗಿ ಮನೆ ರಿಪೇರಿ ಮಾಡಿಸುವ ಮಕ್ಕಳಿಗೆ ಒಂದು ಮಾತು. ಮೇಸ್ತ್ರಿಯನ್ನು ಕರೆಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಮೆಟ್ಟಿಲು ಹತ್ತಲಾಗದ ದಿನ ಈ ಮನೆಯಲ್ಲಿ ಒಬ್ಬರೇ ಸ್ನಾನಕ್ಕೆ ಹೋಗಬಹುದೇ? ಹೊರಗೆ ಹೋಗಲಾಗದ ದಿನ ನಾಲ್ಕು ಜನ ಒಳಗೆ ಬಂದು ಕೂರಬಹುದೇ? ನಿಮ್ಮದು ಚರ್ಚಿರಲಿ, ಭಜನಾ ಮಂಡಳಿ ಇರಲಿ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಗೆಳೆಯರಿರಲಿ, ಲೆಕ್ಕ ಒಂದೇ. 70 ತುಂಬಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಸೌಲಭ್ಯ 2024ರ ಅಕ್ಟೋಬರಿನಿಂದ ಇದೆ, ಕಾರ್ಡು ಮಾಡಿಸಿಡಿ. ಹಿರಿಯರ ಸಹಾಯವಾಣಿ 14567ನ್ನು ಫೋನಿನಲ್ಲಿ ಬರೆದಿಡಿ. ಅದರ ಮೊದಲ ಪ್ರಯೋಗ 2017ರಲ್ಲಿ ಶುರುವಾದದ್ದು ನಮ್ಮ ಹೈದರಾಬಾದಿನಲ್ಲೇ.

ಬರುವ ತಿಂಗಳು ನನ್ನ ಎಡಮಂಡಿಯ ಸರದಿ. ಆರು ವಾರ ಶನಿವಾರದ ಚಹಾ, ಚುರುಮುರಿ ಯಾರು ನೋಡಿಕೊಳ್ಳಬೇಕೆಂದು ಪಟ್ಟಿ ಆಗಿದೆ. ಹಾರ್ಮೋನಿಯಂ ನುಡಿಸಲು ಮಾತ್ರ ಯಾರೂ ಇಲ್ಲ. ಲಿಂಗಂಪಲ್ಲಿ ಸುತ್ತಮುತ್ತ ಕನ್ನಡ ಹಾಡಿಗೆ ಹಾರ್ಮೋನಿಯಂ ಹಿಡಿಯುವವರಿದ್ದರೆ ಬನ್ನಿ, ಯಾವ ಸಭೆಯವರಾದರೂ ಸರಿ. ಮೆಟ್ಟಿಲು ಹತ್ತುವ ಕೆಲಸವಿಲ್ಲ.